ಬಿಸಿ ಬಾರದ ಕೆಂಪು ದೀಪ

ನಮ್ಮ ಅತ್ತೆ ದುರ್ಗಮ್ಮನವರಿಗೆ ಬೈಯುವಾಗ ಬಲಗೈಯನ್ನು ತಲೆಗಿಂತ ಮೇಲೆ ಎತ್ತುವ ಅಭ್ಯಾಸ. ನಾನು ಈ ಮನೆಗೆ ಸೊಸೆಯಾಗಿ ಬಂದು ಏಳು ವರ್ಷವಾಯಿತು. ಆ ಕೈ ದಿನಕ್ಕೆರಡು ಸಲ ಏಳುತ್ತಿತ್ತು. ಯಾರ ಮೇಲೂ ಬಿದ್ದದ್ದಿಲ್ಲ, ಅದನ್ನೂ ಹೇಳಬೇಕು. ಫೆಬ್ರವರಿಯ ಒಂದು ಭಾನುವಾರ ಮಾವ ಬಂಗಡೆ ತರಲು ಹೋಗಿ ಹೂಕೋಸು ಹಿಡಿದುಕೊಂಡು ಬಂದರು. ಅತ್ತೆ ಕೈ ಎತ್ತಿದರು. ಕೈ ಭುಜದ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಬೈಗುಳ ಮಾತ್ರ ಪೂರ್ತಿ ಬಂತು.

"ಕೈಗೆ ಎಂತಾಯ್ತೇ?" ಎಂದರು ಮಾವ.

"ಎಂತೂ ಆಗಿಲ್ಲ. ಹೂಕೋಸು ನೋಡಿ ಅದಕ್ಕೂ ಬೇಜಾರಾಯ್ತು."

ಎಂತೂ ಆಗದೆ ಇರುವುದೇನು, ಎರಡು ತಿಂಗಳಿಂದ ಭುಜ ಮೆಲ್ಲಮೆಲ್ಲಗೆ ಬಿಗಿಯುತ್ತಾ ಬಂದಿತ್ತು. ಯಾರಿಗೂ ಹೇಳದೆ ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದರಂತೆ. ಬೈತಲೆ ಯಾಕೆ ಸೊಟ್ಟಗಾಗುತ್ತಿದೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ನಮ್ಮದು ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿ. ಮಾವ ಜಟ್ಟಿಂಗಪ್ಪನವರು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ನನ್ನ ಗಂಡ ಗೌತಮ್ ಸಾಗರ–ತೀರ್ಥಹಳ್ಳಿ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ನಾನು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ. ನಾದಿನಿ ಚೈತ್ರಾ ಕೋಣಂದೂರಿನ ಶಾಲೆಯಲ್ಲಿ ಟೀಚರು, ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಅವಳ ಮದುವೆ ಏಪ್ರಿಲ್ ಕೊನೆಗೆ ನಿಶ್ಚಯವಾಗಿತ್ತು.

ತಾಪತ್ರಯ ಇದ್ದದ್ದೇ ಅಲ್ಲಿ. ನಮ್ಮ ದೀವರ ಮನೆಗಳಲ್ಲಿ ಮದುಮಕ್ಕಳನ್ನು ಕೂರಿಸುವ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಅತ್ತೆ ನಲವತ್ತು ವರ್ಷದಿಂದ ಊರೂರಿಗೆ ಹೋಗಿ ಬರೆದವರು. ಸ್ಕೇಲಿಲ್ಲ, ಪೆನ್ಸಿಲಿಲ್ಲ, ಪುಂಡಿ ನಾರಿನ ಕುಂಚ ಹಿಡಿದರೆ ಎಳೆ ಪಕ್ಕದಲ್ಲಿ ಎಳೆ ನೆಟ್ಟಗೆ ಕೂರುತ್ತಿತ್ತು. ಊರವರ ಮನೆ ಗೋಡೆಗಳೆಲ್ಲ ಆದವು, ಈಗ ಸ್ವಂತ ಮಗಳ ಮದುವೆಗೆ ಸ್ವಂತ ಮನೆಯ ಗೋಡೆ ಕಾಯುತ್ತಿತ್ತು. ಕೈ ಏಳುತ್ತಿರಲಿಲ್ಲ.

"ಅದಕ್ಕೆಂತ ಮಂಡೆಬಿಸಿ? ಫ್ಲೆಕ್ಸ್ ಮಾಡ್ಸಿದ್ರಾಯ್ತು," ಎಂದರು ಮಾವ, ಅನ್ನಕ್ಕೆ ಸಾರು ಬಡಿಸಿಕೊಳ್ಳುತ್ತಾ. "ಬೀಗರ ಕಡೆಯೋರೇ ಹೇಳಿದ್ರು. ಚಿತ್ತಾರದ ಫೋಟೋ ಕೊಟ್ರೆ ಗೋಡೆ ಅಳತೆಗೆ ಪ್ರಿಂಟ್ ಹಾಕಿ ಕೊಡ್ತಾರಂತೆ."

ಅತ್ತೆ ಸಾರಿನ ಪಾತ್ರೆಯನ್ನು ಅವರ ಕೈಯಿಂದ ಕಿತ್ತುಕೊಂಡರು. "ಹಂಗಾದ್ರೆ ಮದ್ಮಗಳನ್ನೂ ಪ್ರಿಂಟ್ ಹಾಕ್ಸಿ! ನಿಮ್ಮದೂ ಒಂದು ಹಾಕ್ಸಿ. ಅದಾದ್ರೆ ಹೂಕೋಸು ತರೂದಿಲ್ಲ."

ಮಾವ ಆ ದಿನ ಮಜ್ಜಿಗೆಯಲ್ಲೇ ಊಟ ಮುಗಿಸಿದರು.

ಸಾಗರದಲ್ಲಿ ವೆಂಕಟ್ರಮಣ ಎಂಬ ಫಿಸಿಯೋಥೆರಪಿ ಡಾಕ್ಟರಿದ್ದಾರೆ. ನಾನು ಕರೆದುಕೊಂಡು ಹೋದಾಗ ಅವರು ಅತ್ತೆಯ ಭುಜಕ್ಕೆ ಹತ್ತು ನಿಮಿಷ ಒಂದು ಕೆಂಪು ದೀಪ ಹಿಡಿದರು. ಆಮೇಲೆ ಗೋಡೆಯೆದುರು ನಿಲ್ಲಿಸಿ ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ನಡೆಸುವುದನ್ನು ಅರ್ಧ ಗಂಟೆ ಕಲಿಸಿದರು. "ದೀಪದಿಂದ ನೋವು ಸ್ವಲ್ಪ ಇಳಿಯಬಹುದು, ಇಳಿಯದೆಯೂ ಇರಬಹುದು. ಕೈ ಏಳಬೇಕು ಅಂದ್ರೆ ಈ ಗೋಡೆ ವ್ಯಾಯಾಮ ದಿನಾ ಮಾಡಬೇಕು ದುರ್ಗಮ್ಮನವರೇ," ಎಂದರು. ಬಸ್ಸು ಹೊಸನಗರ ಮುಟ್ಟುವ ಹೊತ್ತಿಗೆ ಅತ್ತೆಯ ತಲೆಯಲ್ಲಿ ಉಳಿದದ್ದು ದೀಪ ಮಾತ್ರ.

"ಅದೇ ಕಣೆ ಸ್ವಾತಿ, ಆ ಕೆಂಪು ದೀಪ! ಎಷ್ಟು ಹಿತ ಆಯ್ತು ಗೊತ್ತುಂಟಾ? ಗೋಡೆ ಮೇಲೆ ಬೆರಳು ಓಡ್ಸೂದು ಅಂಗನವಾಡಿ ಮಕ್ಕಳಿಗಾಯ್ತು."

ತಾಯಿಯ ಮಾತು ಕೇಳಿದ ಗೌತಮ್ ಮೂರೇ ದಿನದಲ್ಲಿ ಮೊಬೈಲಿನಲ್ಲಿ ಅಂಥದೇ ದೀಪ ಆರ್ಡರ್ ಮಾಡಿಬಿಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಮೆಡಿಕಲ್ ಶಾಪಿನಲ್ಲಿ ದುಡಿಯುವ ಹೆಂಡತಿ ಮನೆಯಲ್ಲಿದ್ದರೂ ಮೊಬೈಲನ್ನು ಕೇಳಿ ಔಷಧ ತರುವ ಗಂಡಸರಿಗೆ ಏನು ಹೇಳುವುದು! ಇಡ್ಲಿ ತಟ್ಟೆಗಿಂತ ಸ್ವಲ್ಪ ದೊಡ್ಡದಾದ ಹಲಗೆ, ತುಂಬ ಸಣ್ಣ ಸಣ್ಣ ದೀಪಗಳು, ಒಂದು ಸ್ಟ್ಯಾಂಡು, ಜೊತೆಗೆ ಕಪ್ಪು ಕನ್ನಡಕ.

ಪೆಟ್ಟಿಗೆಯಲ್ಲಿ ಬಂದ ಬಳಕೆಯ ಪುಸ್ತಕವನ್ನು ನಾನು ಪೂರ್ತಿ ಓದಿದೆ. ಒಂದು ಜಾಗಕ್ಕೆ ಹತ್ತು ನಿಮಿಷ, ಹೆಚ್ಚಿಲ್ಲ. ಒಂದೂವರೆ ಗೇಣು ದೂರ ಇರಬೇಕು. ಚರ್ಮಕ್ಕೆ ಎಣ್ಣೆ, ಮುಲಾಮು ಇರಕೂಡದು. ಕನ್ನಡಕ ಹಾಕಬೇಕು, ದೀಪವನ್ನು ದಿಟ್ಟಿಸಬಾರದು. ಹಚ್ಚಿಟ್ಟು ನಿದ್ದೆ ಮಾಡಬಾರದು. ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಬಳಸಬೇಕು. ಇಷ್ಟನ್ನೂ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಅತ್ತೆಯ ಬಿಪಿ ಮಾತ್ರೆಯ ಹೆಸರನ್ನು ಡಾಕ್ಟರಿಗೆ ಫೋನಿನಲ್ಲಿ ಹೇಳಿ ಅಡ್ಡಿಯಿಲ್ಲ ಎನ್ನಿಸಿಕೊಂಡೆ. ಮೊದಲನೆಯ ದಿನ ನಾನೇ ಕೂರಿಸಿ ಹಿಡಿದೆ.

ಎರಡು ನಿಮಿಷಕ್ಕೆ ಅತ್ತೆ ಹಲಗೆಯ ಮೇಲೆ ಅಂಗೈ ಇಟ್ಟು ನೋಡಿದರು. "ಬಿಸಿನೇ ಇಲ್ವಲ್ಲೇ ಇದು!"

"ಬಿಸಿ ಬರೋದಲ್ಲ ಅತ್ತೆ. ಇದು ಬೆಳಕು."

"ಬಿಸಿ ಇಲ್ಲದ ಶಾಖ ಎಂತ ಶಾಖ? ನನ್ನ ಅಮ್ಮ ಲಕ್ಕಿ ಸೊಪ್ಪು ಹುರಿದು ಗಂಟು ಕಟ್ಟಿ ಇಡ್ತಿದ್ಲು. ಚುರ್ ಅಂತಿತ್ತು. ನೋವು ಹೇಳದೆ ಕೇಳದೆ ಹೋಗ್ತಿತ್ತು."

"ಇದು ಶಾಖ ಅಲ್ಲ ಅಂತ ಹೇಳಿದ್ನಲ್ಲ."

"ಮತ್ತೆ ಇದಕ್ಕೆ ಅಷ್ಟು ದುಡ್ಡು ಯಾಕೆ ಹಾಕಿದ? ಟ್ಯೂಬ್‌ಲೈಟ್ ಕೆಳಗೆ ಕೂತ್ರೆ ಆಗಿತ್ತು."

ಹತ್ತು ನಿಮಿಷಕ್ಕೆ ದೀಪ ತನ್ನಷ್ಟಕ್ಕೆ ಆರಿತು. ಅತ್ತೆ ಅದನ್ನು ನೋಡಿದ ನೋಟ ನನಗೆ ಇಷ್ಟವಾಗಲಿಲ್ಲ.

ಮುಂದಿನ ಎರಡು ವಾರ ಆ ದೀಪಕ್ಕೆ ಬಿಡುವಿರಲಿಲ್ಲ. ಮಾವ ಬೆಳಿಗ್ಗೆ ಪೇಪರು ಓದುತ್ತಾ ಬೋಳುತಲೆಗೆ ಹಿಡಿದುಕೊಳ್ಳುತ್ತಿದ್ದರು. ಕೂದಲು ಬರುತ್ತದೆಂದು ಅವರಿಗೆ ಯಾರು ಹೇಳಿದ್ದರೋ. ಕನ್ನಡಕ ಹಾಕಿದರೆ ಪೇಪರು ಕಾಣುವುದಿಲ್ಲವೆಂದು ತೆಗೆದಿಡುತ್ತಿದ್ದರು. ಅದೇ ಕನ್ನಡಕ ಹಾಕಿಕೊಂಡು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿ ಕೊಟ್ಟದ್ದೂ ಉಂಟು. ಗೌತಮ್ ದಿನವಿಡೀ ನಿಂತ ಸೊಂಟಕ್ಕೆ ಸಂಜೆ ಹಿಡಿದುಕೊಳ್ಳುತ್ತಿದ್ದರು. ಚೈತ್ರಾಗೆ ಮದುವೆಯ ಹೊತ್ತಿಗೆ ಮುಖ ಹೊಳೆಯಬೇಕಿತ್ತು.

ಅವಳನ್ನು ಮಾತ್ರ ನಾನು ತಡೆದೆ. "ಮೊಡವೆಗೆ ಮಾತ್ರೆ ತಗೋತಿದ್ದೀಯಲ್ಲ ಚೈತ್ರಾ, ಅದು ತಗೊಳ್ಳೋರ ಚರ್ಮ ಬೆಳಕು ತಡ್ಕಳಲ್ಲ. ಡಾಕ್ಟರನ್ನ ಕೇಳದೆ ಮುಖಕ್ಕೆ ಹಿಡೀಬೇಡ."

"ಅಪ್ಪ ಮಂಡೆಗೆ ಹಿಡ್ಕೊಂಡ್ರೆ ಆಗ್ತದೆ, ನಾನು ಮುಖಕ್ಕೆ ಹಿಡ್ಕೊಂಡ್ರೆ ಆಗಲ್ವಾ ಅತ್ತಿಗೆ?"

"ಅಪ್ಪನ ತಲೆ ಕೆಟ್ಟರೆ ಯಾರಿಗೂ ನಷ್ಟ ಇಲ್ಲ."

ಒಳಗಿಂದ ಮಾವ ಕೆಮ್ಮಿದರು. ಚೈತ್ರಾ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ತೀರ್ಥಹಳ್ಳಿಯ ಡಾಕ್ಟರಿಗೆ ಫೋನ್ ಮಾಡಿ, ಅವರೂ ಬೇಡವೆಂದಾಗ, ನನಗೆ ಕೋಣಂದೂರಿನಿಂದ ಮೈಸೂರುಪಾಕು ತಂದುಕೊಟ್ಟಳು.

ಪಕ್ಕದ ಮನೆಯ ಜಯಪ್ಪನವರದ್ದು ಬೇರೆಯೇ ಕಥೆ. ಸಂಜೆ ಹೊತ್ತು ನಮ್ಮ ಕಿಟಕಿ ಕೆಂಪಗಾಗುವುದನ್ನು ವಾರವಿಡೀ ನೋಡಿ, ಒಂದು ದಿನ ಬೇಲಿಯ ಹತ್ತಿರ ಮಾವನನ್ನು ಹಿಡಿದರು.

"ಎಷ್ಟು ಬಿಟ್ಟಿದ್ದೀರಿ ಜಟ್ಟಿಂಗಪ್ಪ?"

"ಎಂತದು?"

"ಮರಿ. ಕೋಳಿಮರಿಗೆ ಬೆಚ್ಚಗಿರ್ಲಿ ಅಂತ ತಾನೇ ಕೆಂಪು ಲೈಟು ಹಾಕೋದು? ನಾಟಿ ಆದ್ರೆ ನಂಗೆ ನಾಲ್ಕು ಹುಂಜ ಇಟ್ಟಿರಿ ಮಾರಾಯ್ರೆ."

"ಮರಿ ಅಲ್ಲ. ನನ್ನ ಹೆಂಡ್ತಿ," ಎಂದರಂತೆ ಮಾವ. ಜಯಪ್ಪನವರು ಆಮೇಲೆ ವಾರವೆಲ್ಲ ಅತ್ತೆಯನ್ನು ಕಂಡಾಗ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು.

ಇಷ್ಟೆಲ್ಲ ಆದರೂ ಅತ್ತೆಯ ಕೈ ಭುಜದಿಂದ ಮೇಲೆ ಹೋಗಲಿಲ್ಲ. ಗೋಡೆ ವ್ಯಾಯಾಮ ಮಾಡಿದಿರಾ ಎಂದು ನಾನು ದಿನಾ ಕೇಳುವುದು, ಮಾಡಿದೆ ಎಂದು ಅವರು ದಿನಾ ಸುಳ್ಳು ಹೇಳುವುದು. ಮಾರ್ಚ್ ಮುಗಿಯುತ್ತಾ ಬಂತು.

ಒಂದು ಗುರುವಾರ ನಾನು ಶಾಪಿನಿಂದ ಬಂದಾಗ ಮಾವ ಪಾತ್ರೆ ತೊಳೆಯುತ್ತಿದ್ದರು. ನನಗೆ ಅಲ್ಲೇ ಅನುಮಾನ ಬಂತು. ಆ ಈರುಳ್ಳಿ ಹೆಚ್ಚಿದ್ದು ಬಿಟ್ಟರೆ, ಈ ಏಳು ವರ್ಷದಲ್ಲಿ ಮಾವ ಕುಡಿದ ಲೋಟವನ್ನೂ ಎತ್ತಿಟ್ಟದ್ದು ನಾನು ನೋಡಿಲ್ಲ. ಒಲೆಯ ಮೇಲೆ ಬಂಗಡೆ ಸಾರು ಕುದಿಯುತ್ತಿತ್ತು, ಅದೂ ಯಾರೂ ಹೇಳದೆ ತಂದ ಬಂಗಡೆ.

"ಮಾವ, ಎಂತ ಮಾಡಿದ್ರಿ?"

"ಪಾತ್ರೆ ತೊಳೀತಿದ್ದೀನಲ್ಲಮ್ಮ."

"ಅದಲ್ಲ. ಎಂತ ಮಾಡಿ ಪಾತ್ರೆ ತೊಳೀತಿದ್ದೀರಿ?"

ಅವರು ಅದೇ ತಟ್ಟೆಯನ್ನು ಮೂರನೆಯ ಸಲ ತೊಳೆದರು. ನಾನು ಅತ್ತೆಯ ಕೋಣೆಗೆ ಹೋದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ರವಿಕೆಯ ತೋಳು ಭುಜಕ್ಕೆ ಅಂಟಿಕೊಂಡಿತ್ತು. ಒದ್ದೆ ಬಟ್ಟೆಯಿಂದ ಮೆಲ್ಲಗೆ ಬಿಡಿಸಿ ನೋಡಿದರೆ ಅಂಗೈಯಗಲ ಕೆಂಪು, ನಡುವೆ ಮೂರು ಬೊಬ್ಬೆ.

ಆದದ್ದು ಇಷ್ಟು. ಹಿಂದಿನ ದಿನ ಮಧ್ಯಾಹ್ನ ಮನೆಯಲ್ಲಿ ಇದ್ದದ್ದು ಇವರಿಬ್ಬರೇ. ಬಿಸಿ ಬರುವ ಹಾಗೆ ಮಾಡಿದರೆ ದೀಪಕ್ಕೆ ಶಕ್ತಿ ಬರುತ್ತದೆ ಎಂದು ಅತ್ತೆ ತೀರ್ಮಾನಿಸಿದ್ದರು. ಭುಜಕ್ಕೆ ಕರ್ಪೂರದ ಎಣ್ಣೆ ತಿಕ್ಕಿ, ಹಲಗೆಯನ್ನು ಮೈಗೇ ಒರಗಿಸಿ, ಮೇಲಿಂದ ಕಂಬಳಿ ಹೊದ್ದು ಮಲಗಿದರು. ದೀಪ ಹತ್ತು ನಿಮಿಷಕ್ಕೆ ಆರುತ್ತದಲ್ಲ, ಅದಕ್ಕೂ ಏರ್ಪಾಡಿತ್ತು. "ಆರಿದಾಗೆಲ್ಲ ಒತ್ತಿ," ಎಂದು ಮಾವನಿಗೆ ಹೇಳಿದರು. ಮಾವ ಮೂವತ್ತೆರಡು ವರ್ಷ ಸಾಹೇಬರ ಬೆಲ್ಲಿಗೆ ಎದ್ದು ನಿಂತ ಮನುಷ್ಯ. ಪಕ್ಕದಲ್ಲಿ ಕುರ್ಚಿ ಹಾಕಿ ಕೂತು, ಆರಿದಾಗೆಲ್ಲ ಒತ್ತಿದರು. ಏಳು ಸಲ. ಅತ್ತೆಗೆ ಹಿತವಾಗಿ ನಿದ್ದೆ ಬಂದಿತ್ತು.

"ಗೋಡೆ ಮೇಲೆ ಅಷ್ಟು ದೊಡ್ಡದಾಗಿ ಬರೆದು ಅಂಟಿಸಿದ್ನಲ್ಲ ಮಾವ!"

"ಓದಿದ್ದೆ. ಆದ್ರೆ ಆರ್ಡರ್ ಅವಳದ್ದಲ್ವಾ," ಎಂದರು ಮಾವ. ಅವರ ಮುಖ ನೋಡಿ ಬೈಯಲೂ ಮನಸ್ಸಾಗಲಿಲ್ಲ.

ಮಾರನೆಯ ದಿನ ಗೌತಮ್ ಅವರ ಬಸ್ಸಿನಲ್ಲೇ ಅತ್ತೆಯನ್ನು ಸಾಗರಕ್ಕೆ ಕರೆದುಕೊಂಡು ಹೋದೆ. ಆಸ್ಪತ್ರೆಯಲ್ಲಿ ಬೊಬ್ಬೆಗೆ ಔಷಧ ಹಾಕಿ ಪಟ್ಟಿ ಕಟ್ಟಿಸಿಕೊಂಡು ವೆಂಕಟ್ರಮಣರ ಹತ್ತಿರ ಹೋದೆವು. ಅವರು ಪೂರ್ತಿ ಕೇಳಿಸಿಕೊಂಡು ಹಣೆ ಉಜ್ಜಿಕೊಂಡರು.

"ದುರ್ಗಮ್ಮನವರೇ, ನೀವು ಹುರಿದ ಸೊಪ್ಪಿಗೆ ಮಾಡೋದನ್ನ ದೀಪಕ್ಕೆ ಮಾಡಿದ್ದೀರಿ. ಇದು ಬಿಸಿ ಆಯ್ತು ಅಂದ್ರೆ ಕೆಲಸ ಮಾಡ್ತು ಅಂತಲ್ಲ, ಹೆಚ್ಚಾಯ್ತು ಅಂತ. ಹತ್ತು ನಿಮಿಷಕ್ಕೆ ಅದು ಯಾಕೆ ಆರ್ತದೆ ಅಂದ್ಕೊಂಡ್ರಿ?"

"ಹಾಳಾಗಿದೆ ಅಂದ್ಕಂಡೆ," ಎಂದರು ಅತ್ತೆ.

ಗಾಯ ಪೂರ್ತಿ ಮಾಯುವವರೆಗೆ ದೀಪ ಬಂದ್. ಬರಿ ವ್ಯಾಯಾಮ. ಮದುವೆಗೆ ನಾಲ್ಕು ವಾರ ಇತ್ತು.

ಆ ರಾತ್ರಿ ಊಟಕ್ಕೆ ಅಕ್ಕಿ ರೊಟ್ಟಿ ಮಾಡಿದ್ದೆ. ಒಬ್ಬರ ಮೇಲೊಬ್ಬರು ಹಾಯ್ದರು. ದೀಪ ತಂದದ್ದೇ ತಪ್ಪು ಎಂದು ನಾನು, ಪುಸ್ತಕ ಓದಿದವಳು ಮನೆಯಲ್ಲಿ ನಿಂತು ನೋಡಿಕೊಳ್ಳಬೇಕಿತ್ತು ಎಂದು ಗೌತಮ್, ಶಾಪಿಗೆ ಹೋಗದೆ ಮನೆಯಲ್ಲಿ ನಿಂತರೆ ನಿಮ್ಮ ಬಸ್ಸಿನ ಸಂಬಳದಲ್ಲಿ ಮದುವೆ ಮಾಡುತ್ತೀರಾ ಎಂದು ನಾನು. ರೊಟ್ಟಿ ತಣ್ಣಗಾಯಿತು.

"ಬಿಡಿ ಎಲ್ಲಾರೂ," ಎಂದಳು ಚೈತ್ರಾ. "ಫ್ಲೆಕ್ಸೇ ಆಗ್ಲಿ ಅಮ್ಮ. ನಂಗೆಂತ ಬೇಜಾರಿಲ್ಲ. ನಿನ್ನ ಕೈ ಸರಿ ಇದ್ರೆ ಸಾಕು."

ಅತ್ತೆ ಕೈ ಎತ್ತಲಿಲ್ಲ, ಬೈಯಲಿಲ್ಲ. ತಟ್ಟೆಯ ಮುಂದೆ ಕೂತಲ್ಲೇ ಅಳತೊಡಗಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಿನಗೆ ಬೇಜಾರಿಲ್ಲ. ನಂಗಿದೆ. ಇಡೀ ಸೀಮೆ ಹುಡುಗೀರು ನನ್ನ ಚಿತ್ತಾರದ ಎದ್ರು ಹಸೆಗೆ ಕೂತ್ರು. ನನ್ನ ಮಗಳು ಪ್ಲಾಸ್ಟಿಕ್ಕಿನ ಎದ್ರು ಕೂರ್ಬೇಕಾ? ಈ ಕೈ ಹಿಂಗೇ ಉಳಿದ್ರೆ ಅಂತ ನಂಗೆ ಹೆದ್ರಿಕೆ ಆಗ್ತದೆ ಕಣೆ. ಅದಕ್ಕೇ ಹಂಗೆ ಮಾಡ್ದೆ."

ಮಾವ ತಮ್ಮ ತಟ್ಟೆಯ ಬೆಣ್ಣೆಯನ್ನು ತೆಗೆದು ಅತ್ತೆಯ ರೊಟ್ಟಿಗೆ ಹಾಕಿದರು.

ಮಾರನೆಯ ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ಬಂದರೆ ಅತ್ತೆ ನಡುಮನೆಯ ಗೋಡೆಯೆದುರು ನಿಂತು ಬೆರಳು ನಡೆಸುತ್ತಿದ್ದರು. ಮುಖ ನೋವಿಗೆ ಕಿವುಚಿಕೊಂಡಿತ್ತು. "ಇದೇನು ಆಟ, ಇದೇನು ಆಟ" ಎಂದು ಗೊಣಗುತ್ತಲೇ ಮಾಡಿದರು. ಐದಾರು ದಿನಕ್ಕೆ ಬೆರಳು ಭುಜ ದಾಟಿತು. ಆಗ ಅವರಿಗೊಂದು ಉಪಾಯ ಹೊಳೆಯಿತು.

"ಗೌತಮಾ, ಕೆಮ್ಮಣ್ಣು ತಗಂಡ್ ಬಾರೋ. ಬರಿ ಬೆರಳು ಯಾಕೆ ಓಡಿಸ್ಲಿ? ಕುಂಚ ಹಿಡ್ದೇ ಓಡಿಸ್ತೀನಿ."

ಗೌತಮ್ ಬಸ್ಸಿನಲ್ಲಿ ಮೂಟೆ ಹಾಕಿಕೊಂಡು ಬಂದರು. ಡಿಸ್ಟೆಂಪರ್ ಬಳಿದ ಗೋಡೆಗೆ ನಾನೂ ಚೈತ್ರಾಳೂ ಕೆಮ್ಮಣ್ಣು ಬಳಿದೆವು. ಎರಡು ದಿನದಲ್ಲಿ ಗೋಡೆ ಮುಗಿಸುತ್ತಿದ್ದ ಅತ್ತೆ ಈ ಸಲ ವ್ಯಾಯಾಮವೂ ಆಗಲೆಂದು ಸ್ಟೂಲು ಹತ್ತದೆ ಬುಡದಿಂದ ಹಿಡಿದು, ಕೈ ಎಷ್ಟು ಎತ್ತರ ಹೋಗುತ್ತದೋ ಅಷ್ಟು ಬರೆದು, ನಿಲ್ಲಿಸಿ, ಮಾರನೆಯ ದಿನ ಮತ್ತೆ ಬರೆದರು. ದಿನಕ್ಕೆ ಎರಡು ಬೆರಳು, ಮೂರು ಬೆರಳು. ಮಾವ ಅಕ್ಕಿ ಅರೆದು ಕೊಡುವ ಕೆಲಸಕ್ಕೆ ನಿಂತರು.

ಗಾಯ ಮಾಯಿತು. ವೆಂಕಟ್ರಮಣರು ಭುಜ ಒತ್ತಿ ನೋಡಿ, ದೀಪ ಬೇಕಿದ್ದರೆ ಹಿಡಿಯಿರಿ, ಆದರೆ ಹೇಳಿದಷ್ಟೇ ಎಂದರು. ಈಗ ಅತ್ತೆ ಸ್ನಾನ ಮಾಡಿ, ಎಣ್ಣೆ ಸೋಕಿಸದೆ, ಕನ್ನಡಕ ಹಾಕಿ ಕೂರುತ್ತಿದ್ದರು. ಮಾವ ಗೇಣು ಹಾಕಿ ದೂರ ಅಳೆಯುತ್ತಿದ್ದರು. ಹತ್ತು ನಿಮಿಷಕ್ಕೆ ದೀಪ ಆರಿದ ಕೂಡಲೇ ಪ್ಲಗ್ಗು ಕಿತ್ತು ವೈರು ಸುತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಅತ್ತೆ "ಇನ್ನೊಂದೇ ಸಲ" ಎಂದರೆ, "ಆರ್ಡರ್ ಸ್ವಾತಿದು" ಎನ್ನುತ್ತಿದ್ದರು. ದೀಪದಿಂದ ಎಷ್ಟು ಗುಣವಾಯಿತು, ಗೋಡೆಯಿಂದ ಎಷ್ಟು, ಆ ದೇವರೇ ಬಲ್ಲ. ಮಾವನ ತಲೆಯಲ್ಲಂತೂ ಒಂದು ಕೂದಲೂ ಬರಲಿಲ್ಲ.

ಮದುವೆಯ ಹಿಂದಿನ ದಿನ ಮಧ್ಯಾಹ್ನಕ್ಕೆ ಕೈ ಹಣೆಯ ಮಟ್ಟ ಮುಟ್ಟಿತ್ತು. ಅಲ್ಲಿಂದ ಒಂದು ಗೇಣು ಮೇಲೆ ಅಂಚಿನ ಎಳೆಗಳು ಉಳಿದಿದ್ದವು. ಅತ್ತೆ ಸ್ಟೂಲು ಹತ್ತಿ ಕುಂಚ ಹಿಡಿದರು. ಆದರೆ ಹದಿನೈದು ದಿನ ದುಡಿದ ಭುಜ ಅವತ್ತು ಥರಥರ ನಡುಗುತ್ತಿತ್ತು. ಕುಂಚವನ್ನು ಗೋಡೆಗೆ ಮುಟ್ಟಿಸುವ ಮೊದಲೇ ಅವರು ಕೆಳಗಿಳಿದರು. ಒಂದು ಎಳೆ ಸೊಟ್ಟಗಾಯಿತೆಂದು ಯಾರದೋ ಮನೆಯಲ್ಲಿ ಇಡೀ ಅಂಚನ್ನು ಒರೆಸಿ ಹಾಕಿದ್ದವರು, ನಡುಗುವ ಕೈಯಲ್ಲಿ ಹೇಗೆ ಬರೆದಾರು?

"ಸ್ವಾತಿ, ಹತ್ತು."

"ನಾನಾ? ಅತ್ತೆ, ನಂಗೆ ರಂಗೋಲಿನೂ ನೆಟ್ಟಗೆ ಬರಲ್ಲ. ಚೈತ್ರಾ ಇದ್ದಾಳಲ್ಲ."

"ಮದ್ಮಗಳು ತನ್ನ ಹಸೆ ತಾನೇ ಬರಿತಾಳಾ? ಹತ್ತು ಅಂದೆ. ಉಸಿರು ಬಿಗಿ ಹಿಡಿಬೇಡ. ಕುಂಚ ಎಳಿಬೇಡ, ಹಿಂದೆ ಬರೂಕೆ ಬಿಡು."

ನಾನು ಹತ್ತಿದೆ. ಕೆಳಗೆ ಕುರ್ಚಿ ಹಾಕಿ ಕೂತು ಅತ್ತೆ ಹೇಳಿದರು, ನಾನು ಬರೆದೆ. ಮೊದಲನೆಯ ಎಳೆ ಹೋದದ್ದೇ ಎಡಗಡೆಗೆ ಇಳಿಯಿತು. ಅದಕ್ಕೆ ಸರಿಹೊಂದಿಸಲು ಹೋಗಿ ಎರಡನೆಯದೂ ಇಳಿಯಿತು. ಬೆವರು ಕಣ್ಣಿಗಿಳಿಯುತ್ತಿತ್ತು. ಒರೆಸಿ ಮತ್ತೆ ಬರೆಯಲಾ ಎಂದೆ. "ಬೇಡ, ಮುಂದೆ ಹೋಗು," ಎಂದರು ಅತ್ತೆ. ಮುಸ್ಸಂಜೆಯ ಹೊತ್ತಿಗೆ ಮುಗಿಯಿತು. ಕೆಳಗಿನದೆಲ್ಲ ನೆಟ್ಟಗೆ, ಮೇಲಿನ ಅಂಚು ಮಾತ್ರ ಓರೆ. ಕುರುಡರಿಗೂ ಕಾಣುವಂತಿತ್ತು. ನನಗೆ ರಾತ್ರಿ ಸರಿಯಾಗಿ ಊಟ ಸೇರಲಿಲ್ಲ.

ಮದುವೆಯ ದಿನ ಚೈತ್ರಾಳನ್ನೂ ಮದುಮಗನನ್ನೂ ಹಸೆಗೆ ಕೂರಿಸಿದರು. ಹೆಂಗಸರೆಲ್ಲ ಸುತ್ತ ನೆರೆದಿದ್ದರು. ಬೀಗರ ಕಡೆಯ ಅಜ್ಜಿಯೂ ಒಂದು ಕಾಲಕ್ಕೆ ಚಿತ್ತಾರದಲ್ಲಿ ಹೆಸರಾದವರೇ. ಮದುಮಕ್ಕಳನ್ನು ಬಿಟ್ಟು ಗೋಡೆಯನ್ನೇ ಬುಡದಿಂದ ಮೇಲಕ್ಕೆ ನೋಡುತ್ತಾ ಹೋದರು. ಅಂಚಿಗೆ ಬಂದು ನಿಂತರು.

"ದುರ್ಗಮ್ಮ, ಕೆಳಗಿಂದು ನೋಡಿದ್ರೆ ಕಣ್ಣು ತಂಪಾಗ್ತದೆ. ಮೇಲಿಂದು ಯಾರು ಬರೆದಿದ್ದು? ಇದು ನಿನ್ನ ಕೈ ಅಲ್ಲ."

ಎಲ್ಲರೂ ಅಂಚಿನ ಕಡೆ ನೋಡಿದರು. ನಾನು ಅಕ್ಷತೆಯ ತಟ್ಟೆ ಹಿಡಿದು ನಿಂತಿದ್ದೆ. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ.

ಅತ್ತೆ ಅಂಚನ್ನು ಒಮ್ಮೆ ನೋಡಿದರು, ನನ್ನನ್ನು ನೋಡಲಿಲ್ಲ.

"ನಂದೇ ಕಣಜ್ಜಿ," ಎಂದರು. "ಭುಜ ಹಿಡ್ಕಂಡಿತ್ತು. ಕೈ ನಡುಗ್ತು, ಓರೆ ಆಯ್ತು."

ಅಜ್ಜಿ "ಪಾಪ" ಎಂದು ಲೊಚಗುಟ್ಟಿ ಕುಳಿತರು. ಹೆಂಗಸರು ಹಾಡು ಶುರು ಮಾಡಿದರು. ಇಡೀ ಸೀಮೆಯಲ್ಲಿ ದುರ್ಗಮ್ಮನ ಎಳೆ ಓರೆಯಾಯಿತು ಎಂಬ ಮಾತು ಅವತ್ತು ಮೊದಲ ಬಾರಿಗೆ ಹುಟ್ಟಿತು, ಹುಟ್ಟಿಸಿದವರು ಅವರೇ. ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ನಾದಿನಿ ಹೋಗುತ್ತಾಳೆಂದು ಅಳುತ್ತಿದ್ದೇನೆ ಎಂದುಕೊಂಡು ಯಾರೋ ಬೆನ್ನು ಸವರಿದರು.

ಬೀಗರದೆಲ್ಲ ಊಟ ಆದಮೇಲೆ ಅಡುಗೆಮನೆಯಲ್ಲಿ ಇಬ್ಬರೇ ಸಿಕ್ಕಾಗ ಕೇಳಿದೆ. "ಯಾಕೆ ಹಂಗಂದ್ರಿ ಅತ್ತೆ?"

"ಮತ್ತೆಂತ ಅನ್ಲಿ? ನನ್ನ ಸೊಸೆಗೆ ಗೆರೆ ಎಳಿಯೂಕೆ ಬರಲ್ಲ ಅಂತ ಬೀಗರ ಎದ್ರು ಹೇಳ್ಲಾ?" ಎಂದು ಅತ್ತೆ ಪಾಯಸದ ಲೋಟ ನನ್ನ ಕೈಗಿಟ್ಟರು. "ಕುಡಿ, ನಿನ್ನೆಯಿಂದ ಉಂಡಿಲ್ಲ ನೀನು. ನಾಡಿದ್ದಿಂದ ದಿನಾ ಒಂದು ತಾಸು ಕುಂಚ ಹಿಡ್ಕಂಡು ನನ್ನೆದ್ರು ಕೂರ್ಬೇಕು. ಇದೊಂದ್ಸಲ ನಂದು ಅಂದೆ. ಇನ್ನೊಂದ್ಸಲ ಅನ್ನಲ್ಲ."